ಸನಾದ ಮಾರು: ಸಮುರಾಯ್ ಮನೆತನಗಳ ಜಪಾನೀ ಧಾರಾವಾಹಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಬಗೆಯ ಧಾರಾವಾಹಿ?

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ 1963ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ದೊಡ್ಡ ಐತಿಹಾಸಿಕ ಧಾರಾವಾಹಿಗಳನ್ನು ನಿರ್ಮಿಸುತ್ತ ಬಂದಿದೆ. ಇವುಗಳನ್ನು ಅಲ್ಲಿನವರು ತೈಗ ಧಾರಾವಾಹಿ ಎನ್ನುತ್ತಾರೆ. ಭಾನುವಾರ ರಾತ್ರಿ ಎಂಟು ಗಂಟೆಗೆ ಪ್ರಸಾರವಾಗುವ, ಸುಮಾರು ಮುಕ್ಕಾಲು ಗಂಟೆಯ ಕಂತುಗಳಲ್ಲಿ ವರ್ಷವಿಡೀ ಒಬ್ಬ ಐತಿಹಾಸಿಕ ವ್ಯಕ್ತಿಯ ಅಥವಾ ಒಂದು ಮನೆತನದ ಕಥೆ ನಡೆಯುತ್ತದೆ. ಸನಾದ ಮಾರು 2016ರ ಜನವರಿಯಿಂದ ಡಿಸೆಂಬರ್‌ವರೆಗೆ 50 ಕಂತುಗಳಲ್ಲಿ ಪ್ರಸಾರವಾಯಿತು. ಇದನ್ನು ಬರೆದವರು ಮಿತಾನಿ ಕೋಕಿ. ಸಕಾಯಿ ಮಸಾತೊ ನಾಯಕ ನೊಬುಶಿಗೆಯಾಗಿಯೂ, ಓಇಜುಮಿ ಯೋ ಅವನ ಅಣ್ಣ ನೊಬುಯುಕಿಯಾಗಿಯೂ, ಕುಸಾಕಾರಿ ಮಸಾಓ ತಂದೆ ಮಸಾಯುಕಿಯಾಗಿಯೂ ನಟಿಸಿದ್ದಾರೆ. ಇದೇ ಕುಸಾಕಾರಿ 1985ರಲ್ಲಿ ಎನ್‌ಎಚ್‌ಕೆಯ ಇನ್ನೊಂದು ಧಾರಾವಾಹಿಯಲ್ಲಿ ಇದೇ ಮಗ ನೊಬುಶಿಗೆಯ ಪಾತ್ರ ವಹಿಸಿದ್ದರು. ಮೂವತ್ತೊಂದು ವರ್ಷಗಳ ಬಳಿಕ ಅದೇ ಮನೆಯ ತಂದೆಯಾಗಿ ಅವರು ಬಂದದ್ದನ್ನು ಕಂಡು ಜಪಾನಿನ ಹಳೆಯ ವೀಕ್ಷಕರು ಹಿಗ್ಗಿದ್ದು ಸಹಜವೇ.

ಕಥೆ ಯಾವ ಕಾಲದ್ದು, ಯಾರ ಬಗ್ಗೆ?

ಕಥೆ 1582ರಿಂದ 1615ರವರೆಗಿನದು. ಜಪಾನಿನಲ್ಲಿ ಕೇಂದ್ರ ಸತ್ತೆ ಕುಸಿದು, ಪ್ರಾಂತಪ್ರಾಂತದ ದೊರೆಗಳು ನೂರು ವರ್ಷಕ್ಕೂ ಮೀರಿ ಕಾದಾಡಿದ ಸೆಂಗೊಕು ಯುಗದ ಕೊನೆಯ ಘಟ್ಟವದು. ಓದ ನೊಬುನಾಗ, ತೊಯೊತೊಮಿ ಹಿದೆಯೋಶಿ, ತೊಕುಗಾವ ಇಯೆಯಾಸು ಎಂಬ ಮೂವರು ಒಬ್ಬರಾದ ಮೇಲೊಬ್ಬರು ದೇಶವನ್ನು ಒಂದುಗೂಡಿಸಿದ ಕಥೆಯನ್ನು ಜಪಾನಿನ ಶಾಲಾ ಮಕ್ಕಳೆಲ್ಲರೂ ಓದಿರುತ್ತಾರೆ. ಈ ಧಾರಾವಾಹಿಯಲ್ಲಿ ಆ ಮೂವರೂ ಬರುತ್ತಾರೆ, ಆದರೆ ಕ್ಯಾಮೆರಾ ನಿಂತಿರುವುದು ಅವರ ಅಂಗಳದಲ್ಲಲ್ಲ. ಇಂದಿನ ನಾಗಾನೊ ಪ್ರಾಂತದ ಬೆಟ್ಟಗಳ ನಡುವಿದ್ದ ಸನಾದ ಎಂಬ ಚಿಕ್ಕ ಮನೆತನದ ಜಗಲಿಯಿಂದ ನಾವು ಇತಿಹಾಸವನ್ನು ನೋಡುತ್ತೇವೆ. ಪೂರ್ವದಲ್ಲಿ ಹೋಜೋ, ಉತ್ತರದಲ್ಲಿ ಉಯೆಸುಗಿ, ದಕ್ಷಿಣದಲ್ಲಿ ತೊಕುಗಾವ ಎಂಬ ಮೂರು ದೊಡ್ಡ ಶಕ್ತಿಗಳ ಮಧ್ಯೆ ಸಿಕ್ಕಿಬಿದ್ದ, ನಮ್ಮ ಪಾಳೆಗಾರರಂಥ ಒಂದು ಮನೆ ಹೇಗೆ ಉಳಿಯಿತು ಎಂಬುದೇ ಇಡೀ ಧಾರಾವಾಹಿಯ ವಸ್ತು. ಕತ್ತಿವರಸೆಯನ್ನು ನಿರೀಕ್ಷಿಸಿ ಕುಳಿತವರಿಗೆ ಮೊದಲ ಹತ್ತು ಕಂತುಗಳಲ್ಲಿ ನಿರಾಸೆಯಾಗಬಹುದು. ಇಲ್ಲಿನ ಆಯುಧಗಳು ಹೆಚ್ಚಾಗಿ ಪತ್ರ, ಒತ್ತೆಯಾಳು, ಮದುವೆ ಮತ್ತು ಸುಳ್ಳು.

ಏನೂ ಗೊತ್ತಿಲ್ಲದೆ ನೇರವಾಗಿ ನೋಡಲು ಕುಳಿತರೆ ಅರ್ಥವಾಗುತ್ತದೆಯೇ?

ಆಗುತ್ತದೆ, ಆದರೆ ಒಂದು ಹಿನ್ನೆಲೆಯನ್ನು ತಿಳಿದುಕೊಂಡರೆ ಮೊದಲ ಕಂತು ಹಗುರಾಗುತ್ತದೆ. ಸನಾದ ಮನೆತನವು ಕಾಯ್ ಪ್ರಾಂತದ ತಕೇದ ಮನೆತನಕ್ಕೆ ಅಧೀನವಾಗಿತ್ತು. 1575ರ ನಾಗಾಶಿನೊ ಕಾಳಗದಲ್ಲಿ ತಕೇದ ಸೇನೆ ಓದ ಮತ್ತು ತೊಕುಗಾವ ಸೇನೆಗಳೆದುರು ಭೀಕರವಾಗಿ ಸೋತಿತು. ಮಸಾಯುಕಿಯ ಇಬ್ಬರು ಅಣ್ಣಂದಿರು ಅಲ್ಲಿಯೇ ಸತ್ತದ್ದರಿಂದ ಮೂರನೆಯ ಮಗನಾದ ಅವನ ಹೆಗಲಿಗೆ ಮನೆಯ ಯಜಮಾನಿಕೆ ಬಂತು. ಧಾರಾವಾಹಿ ಶುರುವಾಗುವ 1582ರ ವಸಂತದಲ್ಲಿ ತಕೇದ ಮನೆತನ ಮುಳುಗುತ್ತಿರುವ ಹಡಗು. ಮೊದಲ ಕಂತಿನಲ್ಲೇ ಮಸಾಯುಕಿ ಇಡೀ ಸಂಸಾರವನ್ನು ಕೂರಿಸಿಕೊಂಡು, ತಾನಿರುವವರೆಗೂ ತಕೇದ ಮನೆತನ ಅಳಿಯುವುದಿಲ್ಲ, ಯಾರೂ ಹೆದರಬೇಕಿಲ್ಲ ಎಂದು ಗಟ್ಟಿ ದನಿಯಲ್ಲಿ ಅಭಯ ಕೊಡುತ್ತಾನೆ. ಹೆಂಗಸರ ಮುಖದಲ್ಲಿ ನೆಮ್ಮದಿ ಮೂಡುತ್ತದೆ. ಆಮೇಲೆ ಗಂಡುಮಕ್ಕಳಿಬ್ಬರ ಎದುರು, ಮುಖದ ಒಂದು ಗೆರೆಯೂ ಅಲುಗದಂತೆ, ತಕೇದ ಅಳಿಯುತ್ತದೆ ಎನ್ನುತ್ತಾನೆ. ಈ ಎರಡು ಮಾತುಗಳ ನಡುವೆ ಇರುವ ಮನುಷ್ಯ ಯಾರೆಂದು ನಿಮಗೆ ಹೊಳೆದರೆ ಮುಂದಿನ ಕಂತುಗಳಿಗೆ ಬೇರೆ ಕೈಪಿಡಿ ಬೇಕಿಲ್ಲ.

ಮಸಾಯುಕಿ ಇಷ್ಟು ಸಲ ಪಕ್ಷ ಬದಲಿಸುವುದೇಕೆ? ಸಮುರಾಯ್‌ಗಳಿಗೆ ಸ್ವಾಮಿನಿಷ್ಠೆ ಇರಬೇಕಲ್ಲವೇ?

ಇದು ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ. ತಕೇದ ಅಳಿದ ಮೇಲೆ ಮಸಾಯುಕಿ ಓದ ನೊಬುನಾಗನಿಗೆ ತಲೆಬಾಗಿದ. ಅದೇ ವರ್ಷ, ಅಂದಿನ ಪಾಶ್ಚಾತ್ಯ ಕ್ಯಾಲೆಂಡರಿನಲ್ಲಿ ಜೂನ್ 21ಕ್ಕೆ ಬರುವ ದಿನದಂದು, ಕ್ಯೋತೋದ ಹೊನ್ನೋಜಿ ದೇವಾಲಯದಲ್ಲಿ ನೊಬುನಾಗ ತನ್ನದೇ ಸೇನಾನಿಯ ದ್ರೋಹಕ್ಕೆ ಬಲಿಯಾದಾಗ ತಕೇದರ ಹಳೆಯ ನಾಡಿಗೆ ಒಡೆಯನೇ ಇಲ್ಲದಂತಾಯಿತು. ಆ ನಾಡಿಗಾಗಿ ಉಯೆಸುಗಿ, ಹೋಜೋ, ತೊಕುಗಾವ ಮೂವರೂ ಮುಗಿಬಿದ್ದರು. ಕೆಲವೇ ತಿಂಗಳುಗಳಲ್ಲಿ ಮಸಾಯುಕಿ ಉಯೆಸುಗಿಯ ಬಳಿಗೂ, ಅಲ್ಲಿಂದ ಹೋಜೋ ಬಳಿಗೂ, ಅಲ್ಲಿಂದ ತೊಕುಗಾವ ಬಳಿಗೂ ಹೋದ. 1585ರಲ್ಲಿ ತೊಕುಗಾವನನ್ನೂ ಬಿಟ್ಟು ಮತ್ತೆ ಉಯೆಸುಗಿಯ ಕಡೆಗೆ, ಅನಂತರ ಹಿದೆಯೋಶಿಯ ಆಶ್ರಯಕ್ಕೆ ಬಂದ.

ಒಡೆಯನಿಗಾಗಿ ಪ್ರಾಣ ಕೊಡುವುದೇ ಸಮುರಾಯ್ ಧರ್ಮವೆಂಬ ಚಿತ್ರ ಬಹುಮಟ್ಟಿಗೆ ಮುಂದೆ ತೊಕುಗಾವರ ಆಳ್ವಿಕೆಯಲ್ಲಿ ಶಾಂತಿ ನೆಲೆಸಿದ ಎದೊ ಕಾಲದಲ್ಲಿ ಮತ್ತು ಅದರ ನಂತರ ಗಟ್ಟಿಯಾದದ್ದು. ಹದಿನಾರನೆಯ ಶತಮಾನದ ಚಿಕ್ಕ ದೊರೆಗೆ ಒಡೆತನವೆಂದರೆ ಎರಡೂ ಕಡೆಯ ಕರಾರು: ನಾನು ಸೈನ್ಯದೊಡನೆ ಬರುತ್ತೇನೆ, ನೀನು ನನ್ನ ನೆಲವನ್ನು ಕಾಯಬೇಕು. ಮಸಾಯುಕಿ ತೊಕುಗಾವನನ್ನು ಬಿಟ್ಟದ್ದೂ ನೆಲದ ಕಾರಣಕ್ಕೇ. ಸನಾದರು ಗೆದ್ದುಕೊಂಡಿದ್ದ ನುಮಾತ ಸೀಮೆಯನ್ನು ಹೋಜೋಗಳಿಗೆ ಬಿಟ್ಟುಕೊಡುವಂತೆ ಇಯೆಯಾಸು ಹೇಳಿದ. ತಾನು ಕೊಡದ ನೆಲವನ್ನು ಇಯೆಯಾಸು ಹೇಗೆ ಕಸಿದುಕೊಳ್ಳುತ್ತಾನೆ ಎಂಬುದು ಮಸಾಯುಕಿಯ ವಾದ. ಈ ವಾದ ನ್ಯಾಯವೇ ಎಂದು ಯೋಚಿಸುತ್ತ ನೋಡಿದರೆ ಅವನು ಬರೀ ಕುಟಿಲನಾಗಿ ಕಾಣುವುದಿಲ್ಲ. ಪೂರ್ತಿ ಸಾಧುವಾಗಿಯೂ ಕಾಣುವುದಿಲ್ಲ ಎನ್ನಿ.

ನುಮಾತ ಎಂಬ ಒಂದು ಊರಿಗಾಗಿ ಇಷ್ಟೊಂದು ಕಂತುಗಳೇ?

ಹೌದು, ಅದು ಅಷ್ಟು ಮುಖ್ಯ. ಇಂದಿನ ಗುನ್ಮ ಪ್ರಾಂತದಲ್ಲಿರುವ ನುಮಾತ ಬೆಟ್ಟದಾರಿಗಳು ಕೂಡುವ ಜಾಗ. ಅದಕ್ಕಾಗಿ 1585ರಲ್ಲಿ ಮೊದಲ ಉಯೆದ ಕಾಳಗ ನಡೆಯಿತು. ಸುಮಾರು 7000 ಮಂದಿಯ ತೊಕುಗಾವ ಸೇನೆಯನ್ನು ಸುಮಾರು 2000 ಮಂದಿಯ ಸನಾದ ಸೇನೆ ಕೋಟೆಯೊಳಕ್ಕೆ ಎಳೆದು ಬಡಿಯಿತು. 1589ರಲ್ಲಿ ಹಿದೆಯೋಶಿ ಪಂಚಾಯಿತಿ ಮಾಡಿ ಸೀಮೆಯ ಮೂರರಲ್ಲಿ ಎರಡು ಪಾಲನ್ನು ಹೋಜೋಗಳಿಗೂ ನಗುರುಮಿ ಕೋಟೆಯಿದ್ದ ಉಳಿದ ಪಾಲನ್ನು ಸನಾದರಿಗೂ ಹಂಚಿದ. ಅದೇ ವರ್ಷ ಹೋಜೋಗಳ ಕಡೆಯ ಸರದಾರನೊಬ್ಬ ನಗುರುಮಿಯನ್ನೂ ನುಂಗಿದ. ತನ್ನ ತೀರ್ಪನ್ನು ಮುರಿದರೆಂಬ ನೆಪ ಹಿದೆಯೋಶಿಗೆ ಸಿಕ್ಕಿತು. 1590ರಲ್ಲಿ ಓದವಾರ ಕೋಟೆಗೆ ಮುತ್ತಿಗೆ ಹಾಕಿ, ಐದು ತಲೆಮಾರು ಆಳಿದ ಹೋಜೋ ಮನೆತನವನ್ನೇ ಮುಗಿಸಿದ. ಒಂದು ಸಣ್ಣ ಗಡಿ ತಗಾದೆ ದೇಶದ ಏಕೀಕರಣಕ್ಕೆ ಹೇಗೆ ಕೊನೆಯ ಮೊಳೆ ಹೊಡೆಯಿತೆಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ್ದು ಈ ಧಾರಾವಾಹಿಯ ದೊಡ್ಡ ಗುಣವೆಂದು ನನ್ನ ಎಣಿಕೆ.

ಒಬ್ಬನಿಗೇ ನಾಲ್ಕಾರು ಹೆಸರು. ಯಾರು ಯಾರೆಂದು ನೆನಪಿಡುವುದು ಹೇಗೆ?

ಮೊದಲಿಗೆ, ಜಪಾನೀ ಹೆಸರಿನಲ್ಲಿ ಮನೆತನ ಮುಂದೆ, ವ್ಯಕ್ತಿಯ ಹೆಸರು ಹಿಂದೆ ಬರುತ್ತದೆ. ಕೆಲವು ಇಂಗ್ಲಿಷ್ ಉಪಶೀರ್ಷಿಕೆಗಳು ಇದನ್ನು ತಿರುವುಮುರುವು ಮಾಡುತ್ತವೆ. ಎರಡನೆಯದಾಗಿ, ಹಿರಿಯರನ್ನು ಮತ್ತು ಸಮಾನರನ್ನು ಅವರ ನಿಜನಾಮದಿಂದ ಕರೆಯುವುದು ಆ ಕಾಲಕ್ಕೆ ಅಗೌರವವಾಗಿತ್ತು. ಆದ್ದರಿಂದ ಸಂಭಾಷಣೆಯಲ್ಲಿ ಪದವಿಯ ಹೆಸರೇ ಕೇಳಿಬರುತ್ತದೆ: ಮಸಾಯುಕಿ ಆವಾನೊಕಾಮಿ, ನೊಬುಯುಕಿ ಇಜುನೊಕಾಮಿ, ಹಿದೆಯೋಶಿಯ ಅಧಿಕಾರಿ ಇಶಿದ ಮಿತ್ಸುನಾರಿ ಜಿಬು. ಮನೆಯೊಳಗೆ ಅಣ್ಣನನ್ನು ಗೆಂಜಬುರೋ, ತಮ್ಮನನ್ನು ಗೆಂಜಿರೋ ಎನ್ನುತ್ತಾರೆ. ಅಣ್ಣನ ಹೆಸರಿನಲ್ಲಿ ಮೂರು, ತಮ್ಮನ ಹೆಸರಿನಲ್ಲಿ ಎರಡು ಎಂಬ ಸಂಖ್ಯೆಯಿರುವುದು ಬರಹಗಾರರ ಕೈತಪ್ಪಲ್ಲ, ಇತಿಹಾಸದಲ್ಲಿಯೂ ಹಾಗೆಯೇ ಇದೆ.

ಮೂರನೆಯದು ಇನ್ನೂ ಉಪಯುಕ್ತ. ಒಡೆಯನು ತನ್ನ ಹೆಸರಿನ ಒಂದು ಅಕ್ಷರವನ್ನು ಅಧೀನನಿಗೆ ದಯಪಾಲಿಸುವ ಪದ್ಧತಿಯಿತ್ತು. ತೊಕುಗಾವ ಇಯೆಯಾಸುವಿನ ಮಗ ಹಿದೆತಾದ, ಉಕಿತ ಹಿದೆಯಿಯೆ ಇವರ ಹೆಸರಿನ ಮುಂದಿರುವ ಹಿದೆ ಎಂಬುದು ಹಿದೆಯೋಶಿ ಕೊಟ್ಟದ್ದು. ಹೀಗಾಗಿ ಹೆಸರಿನ ಮೊದಲಕ್ಷರವನ್ನು ನೋಡಿಯೇ ಯಾರು ಯಾರ ಋಣದಲ್ಲಿದ್ದಾರೆಂದು ಅನೇಕ ಕಡೆ ಊಹಿಸಬಹುದು. 1600ರ ಸೆಕಿಗಾಹಾರ ಕಾಳಗದ ನಂತರ ನೊಬುಯುಕಿ ತನ್ನ ಹೆಸರಿನಲ್ಲಿದ್ದ, ತಂದೆಯ ಹೆಸರಿನಲ್ಲಿಯೂ ಇದ್ದ ಯುಕಿ ಎಂಬ ಅಕ್ಷರವನ್ನು ಬಿಟ್ಟು ಅದೇ ಉಚ್ಚಾರದ ಬೇರೊಂದು ಅಕ್ಷರವನ್ನು ಬರೆಯತೊಡಗಿದ. ಕಿವಿಗೆ ಏನೂ ಬದಲಾಗುವುದಿಲ್ಲ. ಕಾಗದದ ಮೇಲೆ ಮಾತ್ರ ಮಗ ತಂದೆಯಿಂದ ಬೇರೆಯಾಗಿದ್ದಾನೆ.

ನಾಯಕನ ಹೆಸರು ನೊಬುಶಿಗೆಯೋ ಯುಕಿಮುರನೋ?

ಅವನು ಸಹಿ ಮಾಡಿದ ಪತ್ರಗಳಲ್ಲಿ ಇರುವುದು ನೊಬುಶಿಗೆ. ಯುಕಿಮುರ ಎಂಬುದು ಅವನು ಸತ್ತ ಮೇಲೆ ಎದೊ ಕಾಲದ ಕಥನಗಳಿಂದ ಹಬ್ಬಿದ ಹೆಸರು. ವಿಡಿಯೋ ಗೇಮ್‌ಗಳಲ್ಲಿಯೂ ಅನಿಮೆಗಳಲ್ಲಿಯೂ ಕಾಣುವುದು ಅದೇ. ಧಾರಾವಾಹಿಯವರು ಬಹುಪಾಲು ನೊಬುಶಿಗೆ ಎಂದೇ ಕರೆದು, ತೊಯೊತೊಮಿ ಮನೆತನದ ಓಸಾಕ ಕೋಟೆಯನ್ನು ಸೇರುವ ಹೊತ್ತಿಗೆ ಅವನು ಯುಕಿಮುರ ಎಂಬ ಹೆಸರನ್ನು ತಾನೇ ಧರಿಸುವಂತೆ ಮಾಡಿ ಎರಡನ್ನೂ ಹೊಂದಿಸಿದ್ದಾರೆ.

ಧ್ವಜಗಳನ್ನು ನೋಡಿ ಸೇನೆಗಳನ್ನು ಗುರುತಿಸಬಹುದೇ?

ಗುರುತಿಸಬಹುದು, ಗುರುತಿಸಲೂ ಬೇಕು. ಸನಾದರದು ಸಾಲಾಗಿ ಜೋಡಿಸಿದ ಆರು ನಾಣ್ಯಗಳ ಚಿಹ್ನೆ. ಸತ್ತವರು ಸಂಜು ನದಿಯನ್ನು ದಾಟಲು ಕೊಡಬೇಕಾದ ಸುಂಕ ಅದು, ಅಂದರೆ ಸಾವಿಗೆ ಸಿದ್ಧರಾಗಿಯೇ ರಣಕ್ಕಿಳಿದಿದ್ದೇವೆಂಬ ಸಾರಿಕೆ. ತಕೇದರದು ನಾಲ್ಕು ವಜ್ರಾಕೃತಿಗಳು, ತೊಕುಗಾವರದು ವೃತ್ತದೊಳಗಿನ ಮೂರು ಎಲೆಗಳು, ತೊಯೊತೊಮಿಯದು ಕಿರಿ ಎಂಬ (ಪೌಲೋನಿಯಾ) ಮರದ ಎಲೆ ಮತ್ತು ಹೂವು, ಹೋಜೋಗಳದು ಮೂರು ತ್ರಿಕೋನ, ಉಯೆಸುಗಿಯದು ಬಿದಿರು ಮತ್ತು ಗುಬ್ಬಚ್ಚಿ. ಕೊನೆಯ ಕಂತುಗಳಲ್ಲಿ ಕೆಂಪು ಕವಚದ ಪಡೆ ಕಂಡರೆ ಅದು ನೊಬುಶಿಗೆಯದು. ಆದರೆ ತೊಕುಗಾವ ಕಡೆಯ ಈಯಿ ಮನೆತನವೂ ಕೆಂಪನ್ನೇ ತೊಡುತ್ತಿದ್ದುದರಿಂದ ಧ್ವಜವನ್ನೂ ಗಮನಿಸಿ.

ಸೆಕಿಗಾಹಾರ ಕಾಳಗವನ್ನು ತೋರಿಸಲೇ ಇಲ್ಲವಲ್ಲ? ಕಂತು ತಪ್ಪಿಹೋಯಿತೇ?

ತಪ್ಪಿಹೋಗಿಲ್ಲ. 1600ರ ಅಕ್ಟೋಬರ್ 21ರಂದು ತೊಕುಗಾವ ಪಕ್ಷಕ್ಕೂ ಮಿತ್ಸುನಾರಿ ಮುಂದಾಳಾಗಿದ್ದ ತೊಯೊತೊಮಿ ಪಕ್ಷಕ್ಕೂ ನಡೆದ, ಜಪಾನಿನ ಭವಿಷ್ಯವನ್ನೇ ನಿರ್ಧರಿಸಿದ ಆ ಕಾಳಗ ಇಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಪ್ರಸಾರವಾದ ದಿನ ಜಪಾನಿನಲ್ಲಿಯೂ ಇದು ದೊಡ್ಡ ಸುದ್ದಿಯಾಗಿತ್ತು. ಕಾರಣ ಸರಳ: ಸನಾದರು ಅಲ್ಲಿರಲಿಲ್ಲ. ಆ ಹೊತ್ತಿಗೆ ತಂದೆ ಮತ್ತು ಕಿರಿಯ ಮಗ ಉಯೆದ ಕೋಟೆಯಲ್ಲಿ ಕುಳಿತು, ಸುಮಾರು 38,000 ಮಂದಿಯ ಹಿದೆತಾದನ ಸೇನೆಯನ್ನು ತಡೆದು ನಿಲ್ಲಿಸಿದ್ದರು. ಅದರಿಂದಾಗಿ ಹಿದೆತಾದ ಮುಖ್ಯ ಕಾಳಗಕ್ಕೆ ಸಮಯಕ್ಕೆ ತಲುಪಲೇ ಇಲ್ಲ. ತಾವು ಗೆದ್ದೆವೆಂದು ಕೋಟೆಯಲ್ಲಿ ಹಬ್ಬ ಮಾಡುತ್ತಿರುವಾಗ, ದೂರದಲ್ಲೆಲ್ಲೋ ಒಂದೇ ದಿನದಲ್ಲಿ ತಮ್ಮ ಪಕ್ಷವೇ ಸೋತುಹೋಯಿತೆಂಬ ಸುದ್ದಿ ಬರುತ್ತದೆ. ಸಾವಿರಾರು ಸಹನಟರನ್ನು ಬಯಲಿನಲ್ಲಿ ಓಡಿಸಿದ್ದರೂ ಈ ಆಘಾತ ಹುಟ್ಟುತ್ತಿರಲಿಲ್ಲ. ಸನಾದರಿಗೆ ತಿಳಿಯದ್ದು ವೀಕ್ಷಕನಿಗೂ ತಿಳಿಯಬಾರದೆಂಬ ನಿಯಮವನ್ನು ಧಾರಾವಾಹಿ ಬಹುಮಟ್ಟಿಗೆ ಪಾಲಿಸುತ್ತದೆ. ಹೊನ್ನೋಜಿಯ ಪ್ರಸಂಗವೂ ಅದೇ ರೀತಿ ಚುಟುಕಾಗಿ ದಾಟಿಹೋಗುತ್ತದೆ.

ತಂದೆ ಮಕ್ಕಳು ಎದುರುಬದುರು ಪಕ್ಷಗಳಿಗೆ ಹೋದದ್ದು ನಿಜವೇ?

ನಿಜ. 1600ರಲ್ಲಿ ಇಂದಿನ ತೊಚಿಗಿ ಪ್ರಾಂತದ ಇನುಬುಶಿ ಎಂಬಲ್ಲಿ ಮೂವರೂ ಕೂತು ಮಾತಾಡಿ ಬೇರೆಯಾದರೆಂದು ಹೇಳಲಾಗುತ್ತದೆ. ನೊಬುಯುಕಿಯ ಹೆಂಡತಿ ತೊಕುಗಾವರ ಹಿರಿಯ ಸೇನಾನಿ ಹೋಂದ ತಾದಾಕಾತ್ಸುವಿನ ಮಗಳು. ನೊಬುಶಿಗೆಯ ಹೆಂಡತಿ ಮಿತ್ಸುನಾರಿಯ ಸ್ನೇಹಿತ ಓತಾನಿ ಯೋಶಿತ್ಸುಗುವಿನ ಮಗಳು. ಬೀಗತನಗಳೇ ಅರ್ಧ ತೀರ್ಮಾನವನ್ನು ಮಾಡಿಬಿಟ್ಟಿದ್ದವು. 35ನೆಯ ಕಂತಿನ ಈ ದೃಶ್ಯವನ್ನು ನಿಧಾನವಾಗಿ ನೋಡಿ. ಚಿಕ್ಕದೊಂದು ಕೋಣೆ, ಮಂದ ಬೆಳಕು. ದಾರಿ ಕಾಣದ ತಂದೆ ಚೀಟಿ ಎತ್ತಲು ಹೊರಡುತ್ತಾನೆ. ಆವರೆಗೆ ಮೂವತ್ನಾಲ್ಕು ಕಂತುಗಳ ಕಾಲ ಸಪ್ಪೆ, ಗಂಭೀರ, ತಂದೆಯ ಜಾಣತನದ ನೆರಳಿನಲ್ಲಿ ಮುದುಡಿದ ಹಿರಿಮಗ ಅದನ್ನು ತಡೆದು, ತಂದೆ ಮತ್ತು ತಮ್ಮ ತೊಯೊತೊಮಿ ಪಕ್ಷಕ್ಕೆ, ತಾನು ತೊಕುಗಾವ ಪಕ್ಷಕ್ಕೆ ಎಂದು ತೀರ್ಮಾನ ಹೇಳುತ್ತಾನೆ. ಯಾವ ಕಡೆ ಸೋತರೂ ಗೆದ್ದವನು ಉಳಿದವರ ಪ್ರಾಣ ಉಳಿಸಬೇಕು. ಮುಂದೆ ಆದದ್ದೂ ಅದೇ: ನೊಬುಯುಕಿಯ ಬಿನ್ನಹದಿಂದ ತಂದೆಗೂ ತಮ್ಮನಿಗೂ ಮರಣದಂಡನೆ ತಪ್ಪಿ, ಕೋಯಾ ಬೆಟ್ಟದ ಬುಡದ ಕುದೋಯಾಮದಲ್ಲಿ ಗಡೀಪಾರು ಬದುಕು ಒದಗಿತು. ಮಸಾಯುಕಿ 1611ರಲ್ಲಿ ಅಲ್ಲಿಯೇ ಸತ್ತ.

ಧಾರಾವಾಹಿಯ ಶೀರ್ಷಿಕೆಯ ಅರ್ಥ ಕೊನೆಯವರೆಗೂ ತಿಳಿಯುವುದಿಲ್ಲವೇ?

44ನೆಯ ಕಂತಿನ ಹೊತ್ತಿಗೆ ತಿಳಿಯುತ್ತದೆ. 1614ರಲ್ಲಿ ಕುದೋಯಾಮದಿಂದ ತಪ್ಪಿಸಿಕೊಂಡು ಓಸಾಕ ಕೋಟೆ ಸೇರಿದ ನೊಬುಶಿಗೆ, ಕೋಟೆಯ ದುರ್ಬಲವಾದ ದಕ್ಷಿಣ ದಿಕ್ಕಿನಲ್ಲಿ ಕಟ್ಟಿದ ಹೊರಕೊತ್ತಲದ ಹೆಸರೇ ಸನಾದ ಮಾರು. ಅದರ ಹಿಂದಿನಿಂದ ಹಾರಿದ ಗುಂಡುಗಳಿಗೆ ಆ ಚಳಿಗಾಲದಲ್ಲಿ ತೊಕುಗಾವ ಕಡೆಯ ಅನೇಕರು ಬಲಿಯಾದರು. ಆದರೆ ಸಂಧಿಯ ಷರತ್ತಿನ ಪ್ರಕಾರ ಕೊತ್ತಲವನ್ನು ಕೆಡವಿ ಕಂದಕಗಳನ್ನು ಮುಚ್ಚಲಾಯಿತು. ಮರುವರ್ಷ, 1615ರ ಜೂನ್ 3ರಂದು, ಇಯೆಯಾಸುವಿನ ಪಾಳೆಯದ ಮೇಲೆ ನೇರವಾಗಿ ಎರಗಿದ ನೊಬುಶಿಗೆ ತೆನ್ನೋಜಿಯ ಬಳಿ ಹತನಾದ. ಇದನ್ನು ಮೊದಲೇ ಹೇಳಿದ್ದಕ್ಕೆ ಬೇಸರ ಬೇಡ. ಜಪಾನಿನ ವೀಕ್ಷಕರಿಗೂ ಕೊನೆ ಮೊದಲೇ ಗೊತ್ತಿತ್ತು.

ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಕಾಳಗಗಳು, ಪಕ್ಷಾಂತರಗಳು, ಒಪ್ಪಂದಗಳು, ಸಾವುಗಳು ದಾಖಲೆಯಲ್ಲಿವೆ. ಕುರೋದ ಮೊತೋಕಿ, ಹಿರಾಯಾಮ ಯೂ, ಮರುಶಿಮ ಕಜುಹಿರೊ ಎಂಬ ಮೂವರು ಇತಿಹಾಸಕಾರರು ಕಾಲದ ವಿವರಗಳನ್ನು ಪರಿಶೀಲಿಸಿದ್ದಾರೆ. ಆದರೆ ಓಸಾಕಕ್ಕೆ ಬರುವವರೆಗಿನ ನೊಬುಶಿಗೆಯ ಬಗ್ಗೆ ದೊರೆಯುವ ಮಾಹಿತಿ ಬಹಳ ಕಡಿಮೆ; ಅವನು ಉಯೆಸುಗಿಯ ಬಳಿಯೂ ಹಿದೆಯೋಶಿಯ ಬಳಿಯೂ ಒತ್ತೆಯಾಳಾಗಿದ್ದನೆಂಬುದು ಗೊತ್ತು, ಅಲ್ಲಿ ಯಾರೊಡನೆ ಏನು ಮಾತಾಡಿದನೆಂಬುದು ಬರಹಗಾರರ ಸೃಷ್ಟಿ. ಕಿರಿ ಎಂಬ ಮಾತಿನ ಮಲ್ಲಿ ದಾಖಲೆಯ ಒಂದೆರಡು ಸಾಲುಗಳಿಂದ ಬೆಳೆದ ಪಾತ್ರ. ಗೂಢಚಾರ ಸಾಸುಕೆ ನಂತರದ ಜನಪ್ರಿಯ ಕಥೆಗಳಿಂದ ಬಂದವನು. ನಡುನಡುವೆ ಬರುವ ಮೂರು ಆಯಾಮದ ಭೂಪಟಗಳನ್ನು ಮಾತ್ರ ದಾಟಿಸಿ ಓಡಿಸಬೇಡಿ: ಐತಿಹಾಸಿಕ ಗೇಮ್‌ಗಳಿಗೆ ಹೆಸರಾದ ಕೋಯೆಯ್ ತೆಕ್ಮೊ ಸಂಸ್ಥೆ ತಯಾರಿಸಿದ ಆ ಪಟಗಳಲ್ಲಿ ಬಣ್ಣ ಬದಲಾದಂತೆ ಸನಾದರ ಅವಸ್ಥೆ ಬದಲಾಗುತ್ತದೆ.

ಐವತ್ತು ಕಂತುಗಳಲ್ಲಿ ಕೆಲವನ್ನು ಬಿಟ್ಟು ನೋಡಬಹುದೇ?

ನನ್ನ ಸಲಹೆ ಬೇಡವೆಂದೇ. 14ನೆಯ ಕಂತಿನಲ್ಲಿ ನೊಬುಶಿಗೆ ಓಸಾಕಕ್ಕೆ ಹೋದ ಮೇಲೆ ಕಥೆ ನಿಧಾನವಾಗುತ್ತದೆ ಎಂಬ ದೂರಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೊಹಿನಾತ ಫುಮಿಯೊ ನಟಿಸಿದ ಹಿದೆಯೋಶಿ, ಒಂದು ಗಳಿಗೆ ನಗಿಸಿ ಮರುಗಳಿಗೆ ರಕ್ತ ಹೆಪ್ಪುಗಟ್ಟಿಸುವ ಮುದುಕ, 31ನೆಯ ಕಂತಿನಲ್ಲಿ ಸಾಯುವವರೆಗಿನ ಭಾಗವನ್ನು ನೋಡದಿದ್ದರೆ, ಸೋಲು ಖಚಿತವಿದ್ದ ತೊಯೊತೊಮಿ ಪಕ್ಷಕ್ಕೆ ನೊಬುಶಿಗೆ ಕೊನೆಯಲ್ಲಿ ಏಕೆ ಮರಳಿದನೆಂಬುದು ತಿಳಿಯುವುದಿಲ್ಲ. ದಿನಕ್ಕೆ ಒಂದೆರಡು ಕಂತುಗಳಿಗಿಂತ ಹೆಚ್ಚು ನೋಡಿದರೆ ಹೆಸರುಗಳು ಕಲಸಿಹೋಗುತ್ತವೆ.

ಮಕ್ಕಳೊಡನೆ ನೋಡಬಹುದೇ?

ಹತ್ತು ಹನ್ನೆರಡು ವರ್ಷದ ಮೇಲಿನ ಮಕ್ಕಳೊಡನೆ ನೋಡಬಹುದು. ಇದು ಮನೆಮಂದಿಯೆಲ್ಲ ಕೂತು ನೋಡಲೆಂದು ಮಾಡಿದ್ದು, ಹಾಸ್ಯ ಧಾರಾಳವಾಗಿದೆ. ಆತ್ಮಾಹುತಿ ಮತ್ತು ಮರಣದಂಡನೆಯ ಪ್ರಸಂಗಗಳು ಬರುತ್ತವೆ, ರಕ್ತವನ್ನು ಮಾತ್ರ ಹೆಚ್ಚು ತೋರಿಸುವುದಿಲ್ಲ.

ಡಿಸ್ಕ್ ತರಿಸುವುದಾದರೆ ಏನನ್ನು ಗಮನಿಸಬೇಕು?

ಉಪಶೀರ್ಷಿಕೆಯ ಭಾಷೆಯನ್ನು ಮೊದಲು ನೋಡಿ, ಬೆಲೆಯನ್ನು ಆಮೇಲೆ. ಜಪಾನಿನ ಡಿವಿಡಿಗಳು ವಲಯ 2ಕ್ಕೆ ಸೇರಿದವು, ಭಾರತ ಇರುವುದು ವಲಯ 5ರಲ್ಲಿ. ಬ್ಲೂ-ರೇಯಲ್ಲಿ ಜಪಾನ್ ಎ ವಲಯ, ಭಾರತ ಸಿ ವಲಯ. ಎಲ್ಲ ವಲಯಗಳ ಡಿಸ್ಕ್‌ಗಳನ್ನೂ ಓದುವ ಪ್ಲೇಯರ್ ಇಲ್ಲದಿದ್ದರೆ ಹಣ ದಂಡ.

ಕಥೆ ನಡೆದ ಜಾಗಗಳನ್ನು ಈಗ ನೋಡಲು ಸಾಧ್ಯವೇ?

ಉಯೆದ ನಗರಕ್ಕೆ ಟೋಕಿಯೊದಿಂದ ಹೊಕುರಿಕು ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿ ಈಗ ಕಾಣುವ ಬುರುಜುಗಳು ಮಸಾಯುಕಿ ಕಟ್ಟಿದವಲ್ಲ. ಅವನ ಕೋಟೆಯನ್ನು 1600ರ ನಂತರ ಕೆಡವಲಾಯಿತು, ಈಗಿನದು 1620ರ ದಶಕದಲ್ಲಿ ಸೆಂಗೊಕು ಮನೆತನದವರು (ಸೆಂಗೊಕು ಯುಗಕ್ಕೂ ಈ ಹೆಸರಿಗೂ ಸಂಬಂಧವಿಲ್ಲ) ಮತ್ತೆ ಕಟ್ಟಿದ್ದು. ನೊಬುಯುಕಿಯನ್ನು 1622ರಲ್ಲಿ ಮತ್ಸುಶಿರೊಗೆ ವರ್ಗಾಯಿಸಲಾಯಿತು. ಅವನು ಅಲ್ಲಿನ ಎಣಿಕೆಯಂತೆ 93 ವರ್ಷ ಬದುಕಿ 1658ರಲ್ಲಿ ತೀರಿಕೊಂಡ, ಅವನ ಮನೆತನ ದೊರೆತನಗಳು ರದ್ದಾದ 1871ರವರೆಗೂ ಅಲ್ಲಿ ಆಳಿತು. ಇಂದು ನಾಗಾನೊ ನಗರಕ್ಕೆ ಸೇರಿರುವ ಮತ್ಸುಶಿರೊದ ವಸ್ತುಸಂಗ್ರಹಾಲಯದಲ್ಲಿ ಸನಾದರ ಕವಚಗಳೂ ಪತ್ರಗಳೂ ಇವೆ. ಓಸಾಕದ ಕೊತ್ತಲದ ಜಾಗದಲ್ಲಿ ಈಗ ಶಾಲೆ ಮತ್ತು ಮನೆಗಳಿವೆ. ತಮಾತ್ಸುಕುರಿಯ ಸಾಂಕೋ ದೇಗುಲವೂ, ನೊಬುಶಿಗೆ ಸತ್ತನೆನ್ನಲಾಗುವ ಯಾಸುಯಿ ದೇಗುಲವೂ ಹೋಗಿಬರಲು ಸುಲಭ. ಓಸಾಕ ಕೋಟೆಯ ಈಗಿನ ಮುಖ್ಯ ಗೋಪುರ 1931ರ ಕಾಂಕ್ರೀಟ್ ಕಟ್ಟಡ, ಸುತ್ತಲಿನ ಭಾರಿ ಕಲ್ಲುಗೋಡೆ ತೊಕುಗಾವರದು. ಹಿದೆಯೋಶಿಯ ಕೋಟೆಯ ಕಲ್ಲುಗಳು ಅದರಡಿ ಹೂತುಹೋಗಿವೆ.

ಇದು ಮುಗಿದ ಮೇಲೆ ಯಾವುದನ್ನು ನೋಡಬೇಕು?

ಇದೇ ಬರಹಗಾರರು 2022ರಲ್ಲಿ ಬರೆದ, 48 ಕಂತುಗಳ ಕಾಮಾಕುರ ದೊನೊ ನೊ ಜೂಸಾನ್‌ನಿನ್ ಹಿಡಿಸಬಹುದು. ಅದು ಸನಾದರ ಕಾಲಕ್ಕಿಂತ ನಾಲ್ಕು ಶತಮಾನ ಹಿಂದಿನ ಕಥೆ. ಅಲ್ಲಿಯೂ ಹೋಜೋ ಎಂಬ ಮನೆತನ ಬರುತ್ತದೆ, ಆದರೆ ಓದವಾರದ ಹೋಜೋಗಳು ಅವರ ನೇರ ವಂಶದವರಲ್ಲ; ಹಳೆಯ ಹೆಸರಿನ ಘನತೆಗಾಗಿ ಆ ಹೆಸರನ್ನೂ ಮೂರು ತ್ರಿಕೋನದ ಚಿಹ್ನೆಯನ್ನೂ ಆಮೇಲೆ ತಮ್ಮದಾಗಿಸಿಕೊಂಡವರು. ಸನಾದ ಮಾರುವಿನ ನಗು ಅಲ್ಲಿಯೂ ಇದೆ. ಕೊಲೆಗಳು ಮಾತ್ರ ಬಹಳ ಹೆಚ್ಚು, ಅದೂ ಒಂದೇ ಪಕ್ಷದವರ ನಡುವೆ.